ಏರು, ಗಾಳಿ ಮತ್ತು ಸೈಕಲ್ ದಾರಿ

ಸೈಕಲ್ ಪ್ರವಾಸಕ್ಕೆ ದಾರಿ ಆರಿಸುವಾಗ ದೂರವೊಂದನ್ನೇ ಎಣಿಸಿದರೆ ಸಾಲದು. ಏರನ್ನೂ ಗಾಳಿಯನ್ನೂ ನೋಡಬೇಕು. ಸವಾರನೂ ಸೈಕಲ್ಲೂ ಸೇರಿ 60 ಕಿಲೋ ತೂಗಿದರೆ, ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ ಸುಮಾರು 3 ಕಿಲೋ ಭಾರ ಸದಾ ಹಿಂದಕ್ಕೆ ಎಳೆದಂತಾಗುತ್ತದೆ. ಗೇರಿಲ್ಲದ ನಮ್ಮ ಸೈಕಲ್ಲುಗಳಿಗೆ ಇದು ಸಣ್ಣ ಮಾತಲ್ಲ.

ತಿರುಪ್ಪೂರು ಜಿಲ್ಲೆಯ ಉಡುಮಲಪೇಟೆಯಿಂದ ದಳಿಯ ಮೇಲೆ ತಿರುಮೂರ್ತಿ ಬೆಟ್ಟದ ಅಡಿಗೆ ಸುಮಾರು 20 ಕಿಲೋಮೀಟರ್. ಇಕ್ಕೆಲದಲ್ಲಿ ತೆಂಗಿನ ತೋಟಗಳು, ಎದುರಿಗೆ ಆನೆಮಲೆಯ ಸಾಲು. ಹೆದ್ದಾರಿಯಷ್ಟು ಲಾರಿಗಳ ಕಾಟವಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಘಟ್ಟವು ಪಾಲಕ್ಕಾಡಿನ ಬಳಿ ಬಿಟ್ಟುಕೊಟ್ಟ ಕಂಡಿಯಿಂದ ಗಾಳಿ ನುಗ್ಗಿ ಪೂರ್ವಕ್ಕೆ ಬೀಸುತ್ತದೆ. ಪಲ್ಲಡಂ, ಉಡುಮಲಪೇಟೆಗಳ ಸುತ್ತ ಗಾಳಿಯಂತ್ರಗಳು ನಿಂತಿರುವುದು ಇದನ್ನು ನಂಬಿಯೇ. ಬೆಟ್ಟ ಇರುವುದು ನೈಋತ್ಯಕ್ಕೆ. ಆದ್ದರಿಂದ ಹೋಗುವಾಗ ಏರೂ ಓರೆಯ ಎದುರುಗಾಳಿಯೂ ಕೂಡಿಬರುತ್ತವೆ. ಗಾಳಿ ಎಳೆಯದಿರುವ ನಸುಕಿನಲ್ಲೇ ಹೊರಟು ಬಿಸಿಲೇರುವ ಮೊದಲು ತಲುಪಿದರೆ, ದಣಿದ ಕಾಲುಗಳಿಗೆ ಮರಳುವಾಗ ಇಳಿಜಾರೂ ಗಾಳಿಯೂ ನೆರವಾಗುತ್ತವೆ.

ವಾಲ್ಪಾರೈಗೆ ಹೋಗೋಣವೆಂದು ಹುಡುಗರು ಹಟ ಹಿಡಿಯುವುದುಂಟು. ಕೊಯಮತ್ತೂರು ಜಿಲ್ಲೆಯ ಆ ಊರು ಮೂರು ಸಾವಿರ ಅಡಿಗೂ ಎತ್ತರದಲ್ಲಿದೆ. ಆಳಿಯಾರಿನಿಂದ ಮೇಲಕ್ಕೆ 40 ಹೇರ್‌ಪಿನ್ ತಿರುವುಗಳು. ದಾರಿ ಆನೆಗಳಿರುವ ಕಾಡಿನದು. ಹತ್ತುವುದಕ್ಕಿಂತ ಇಳಿಯುವುದೇ ಅಪಾಯ: ಬಹಳ ಹೊತ್ತು ಒತ್ತಿ ಹಿಡಿದ ಬ್ರೇಕಿನ ರಬ್ಬರು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಹೈಸ್ಕೂಲಿನ ಮಕ್ಕಳಿಗೆ ಅದು ತಕ್ಕ ದಾರಿಯಲ್ಲವೆಂದೇ ನಮ್ಮ ಅಭಿಪ್ರಾಯ, ಹೆತ್ತವರೂ ಒಪ್ಪಿಯಾರು. ಪೊಳ್ಳಾಚಿಯಿಂದ ಆಳಿಯಾರು ಅಣೆಕಟ್ಟಿನವರೆಗೆ ಹೋಗಿಬರಬಹುದು. ಭಾನುವಾರ ಮಾತ್ರ ಬೇಡ, ಪ್ರವಾಸಿಗಳ ಕಾರುಗಳು ಹೆಚ್ಚು.