ಲೇಬಲ್ಲಿಗೆ ಎ.ಐ. ಚಿತ್ರ: ನಾಲ್ಕು ಪರೀಕ್ಷೆ



ನಮ್ಮ ಸಂಘಗಳು ತಯಾರಿಸುವ ಉಪ್ಪಿನಕಾಯಿ, ಹಪ್ಪಳಕ್ಕೆ ಚಂದದ ಲೇಬಲ್ ಬೇಕು. ಬೇಕಾದ್ದನ್ನು ಮಾತಿನಲ್ಲಿ ಬರೆದರೆ ಚಿತ್ರ ಮಾಡಿಕೊಡುವ ಮಿಡ್‌ಜರ್ನಿ, ಅಡೋಬಿ ಫೈರ್‌ಫ್ಲೈ ಮುಂತಾದ ಎ.ಐ. ಸಾಧನಗಳು 2022-23ರಲ್ಲಿ ಬಂದವು. ಖರ್ಚು ಕಡಿಮೆ, ಕೆಲಸ ಬೇಗ. ಆದರೆ ಪ್ರೆಸ್ಸಿಗೆ ಕೊಡುವ ಮುಂಚೆ ಸಂಘದ ಸಭೆಯಲ್ಲಿ ಈ ನಾಲ್ಕನ್ನು ನೋಡಿರಿ.

1. ಚಿತ್ರ ನಮ್ಮ ಮಾಲಿನದ್ದೇನಾ? ಬಾಟಲಿಯಲ್ಲಿ ಮಾವಿನ ಹೋಳು, ಚಿತ್ರದಲ್ಲಿ ಇಡೀ ಮಿಡಿ ಇದ್ದರೆ ಗಿರಾಕಿಗೆ ಮೋಸ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಲೇಬಲ್ಲೂ ಜಾಹೀರಾತೇ.

2. ಅಕ್ಷರ ಸರಿ ಇದೆಯಾ? ಈ ಸಾಧನಗಳು ಕನ್ನಡದ ಒತ್ತಕ್ಷರಗಳನ್ನು ಎಷ್ಟೋ ಸಲ ಕೆಡಿಸುತ್ತವೆ. ಚಿತ್ರ ಮಾತ್ರ ತೆಗೆದುಕೊಳ್ಳಿ. ಹೆಸರು, ತೂಕ, ಪದಾರ್ಥಗಳು, ದಿನಾಂಕ, ಎಫ್.ಎಸ್.ಎಸ್.ಎ.ಐ. ನಂಬರು, ಸಸ್ಯಾಹಾರದ ಹಸಿರು ಗುರುತನ್ನು ಡಿ.ಟಿ.ಪಿ.ಯವರಿಂದ ಹಾಕಿಸಿ.

3. ವ್ಯಾಪಾರಕ್ಕೆ ಅನುಮತಿ ಇದೆಯಾ? ಕೆಲವು ಸಾಧನಗಳಲ್ಲಿ ಪುಕ್ಕಟೆ ಮಾಡಿದ ಚಿತ್ರವನ್ನು ಮಾರಾಟಕ್ಕೆ ಬಳಸುವಂತಿಲ್ಲ. ಷರತ್ತುಗಳನ್ನು ತಿಳಿದವರಿಂದ ಓದಿಸಿ.

4. ಚಿತ್ರ ನಮ್ಮದಾಗುತ್ತದಾ? 2023ರಲ್ಲಿ ಅಮೆರಿಕದ ಕೃತಿಸ್ವಾಮ್ಯ ಕಚೇರಿಯು ಒಂದು ಚಿತ್ರಕಥೆಯ ಬರಹಕ್ಕೆ ಹಕ್ಕು ಒಪ್ಪಿತು, ಮಿಡ್‌ಜರ್ನಿ ಮಾಡಿದ ಚಿತ್ರಗಳಿಗೆ ಒಪ್ಪಲಿಲ್ಲ. ಆದ್ದರಿಂದ ಬೇರೆಯವರು ನಕಲು ಮಾಡಿದರೆ ತಡೆಯುವುದು ಕಷ್ಟವಾಗಬಹುದು. ಸಂಘದ ಹೆಸರು, ಗುರುತನ್ನು ನಾವೇ ರೂಪಿಸಿ ಟ್ರೇಡ್‌ಮಾರ್ಕ್ ಮಾಡಿಸುವುದು ಕ್ಷೇಮ.

ಗಿರಾಕಿ ಮೊದಲ ಸಲ ಚಿತ್ರ ನೋಡಿ ಕೊಳ್ಳಬಹುದು. ಎರಡನೇ ಸಲ ಕೊಳ್ಳುವುದು ರುಚಿ ಮತ್ತು ನಂಬಿಕೆಯಿಂದಲೇ.

ಚರ್ಚೆಗೆ: ನಮ್ಮ ಈಗಿನ ಲೇಬಲ್ ಎಷ್ಟು ಪರೀಕ್ಷೆ ದಾಟುತ್ತದೆ? ನಮ್ಮ ಬಾಟಲಿಯದೇ ಒಳ್ಳೆಯ ಫೋಟೋ ಸಾಲದೇ?