ಅಂಚೆಚೀಟಿ ಸಂಗ್ರಹದ ಕೆಲವು ಪದಗಳು

ಮರಾಠಿಯ ‘ತಿಕೀಟ’ ಬಸ್ಸಿಗೂ ಸಲ್ಲುತ್ತದೆ, ಟಪಾಲಿಗೂ ಸಲ್ಲುತ್ತದೆ. ಕನ್ನಡದ ‘ಅಂಚೆಚೀಟಿ’ಗೆ ಆ ಗೊಂದಲವಿಲ್ಲ. ಆದರೆ ಸಂಗ್ರಾಹಕನಿಗೆ ಈ ಒಂದು ಪದ ಸಾಲದು.

1840ರಲ್ಲಿ ಇಂಗ್ಲೆಂಡಿನಲ್ಲಿ ಹೊರಟ ‘ಪೆನ್ನಿ ಬ್ಲ್ಯಾಕ್’ ಚೀಟಿಗೆ ಅಂಚಿನ ರಂಧ್ರಗಳಿರಲಿಲ್ಲ. ಹಾಳೆಯಿಂದ ಕತ್ತರಿಸಿಯೇ ಬಿಡಿಸಬೇಕಾಗಿತ್ತು. ಏಷ್ಯಾದ ಮೊದಲ ಅಂಚೆಚೀಟಿಯಾದ 1852ರ ‘ಸಿಂಧ್ ಡಾಕ್’ ಕೂಡ ಹೀಗೆಯೇ ‘ರಂಧ್ರರಹಿತ’. ತರುವಾಯ ಬಂದ ರಂಧ್ರಸಾಲನ್ನು ಎರಡು ಸೆಂಟಿಮೀಟರಿಗೆ ಎಷ್ಟು ರಂಧ್ರಗಳೆಂದು ಎಣಿಸಿ ಅಳೆಯುತ್ತಾರೆ. ಚಿತ್ರವೂ ಬೆಲೆಯೂ ಒಂದೇ ಆಗಿ ಈ ಎಣಿಕೆ ಮಾತ್ರ ಬೇರೆಯಾದರೂ ಸಂಗ್ರಹದಲ್ಲಿ ಅವು ಎರಡು ಚೀಟಿಗಳೇ. ಬೆಳಕಿಗೆ ಹಿಡಿದಾಗ ಕಾಗದದೊಳಗೆ ಕಾಣುವ ಗುರುತು ‘ಜಲಚಿಹ್ನೆ’. ಬಳಸದ, ಬೆನ್ನಿನ ಅಂಟು ಕೆಡದ ಚೀಟಿ ‘ಮಿಂಟ್’.

ಇವೆಲ್ಲಕ್ಕಿಂತ ಮುಖ್ಯವಾದ ಪದ ‘ಕವರ್’. ಚೀಟಿ, ಮುದ್ರೆ, ವಿಳಾಸಗಳೊಡನೆ ಅಂಚೆಯಲ್ಲಿ ಸಾಗಿಬಂದ ಇಡೀ ಲಕೋಟೆಗೆ ಈ ಹೆಸರು. ಹೊಸಬರು ಚೀಟಿಯ ಆಸೆಗೆ ಲಕೋಟೆಯನ್ನು ನೀರಿನಲ್ಲಿ ನೆನೆಹಾಕುತ್ತಾರೆ, ಇಲ್ಲವೆ ಮೂಲೆಯನ್ನು ಕತ್ತರಿಸಿಕೊಳ್ಳುತ್ತಾರೆ. ಊರಿನ ಹೆಸರೂ ದಿನಾಂಕವೂ ಇರುವ ದುಂಡು ಮುದ್ರೆ ಬಹುಮಟ್ಟಿಗೆ ಅರ್ಧ ಚೀಟಿಯ ಮೇಲೆ, ಅರ್ಧ ಲಕೋಟೆಯ ಮೇಲೆ ಬಿದ್ದಿರುತ್ತದೆ. ಚೀಟಿ ಉಳಿಯಿತು, ಊರು ಹೋಯಿತು!

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಹಳೆಯ ಮನೆಯೊಂದರ ಪೆಟ್ಟಿಗೆಯಲ್ಲಿ ಕನ್ನಡ ವಿಳಾಸದ ಲಕೋಟೆ ದೊರೆತರೆ, ಆ ಓಲೆ ಯಾವ ಊರಿನಿಂದ, ಎಂದು ಹೊರಟಿತೆಂಬುದಕ್ಕೆ ಮುದ್ರೆಯೇ ಸಾಕ್ಷಿ. ಮೇಲಿನ ಚೀಟಿ ಪೇಟೆಯಲ್ಲಿ ಎರಡು ಕಾಸು ಬಾಳದಿರಬಹುದು; ಅಂತಹ ಲಕೋಟೆಗೆ ಕತ್ತರಿ ತಾಗಿಸದೆ ಇಡಿಯಾಗಿಯೇ ಇರಿಸಬೇಕು.