ಅರ್ತ್ ವೈರು ಬಿಡಬೇಡಿ

ಕಬ್ಬಿನ ಹಂಗಾಮು ಬಂದರೆ ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ರಾತ್ರಿಯೇ ಕಾರ್ಖಾನೆ ಹಾದಿ ಹಿಡಿಯುತ್ತೀರಿ. ದೀಪಕ್ಕೆ ವೈರು ಎಳೆಯುವಾಗ ಮಾತ್ರ, ಕೊಂಡಿ ಹೇಗೂ ಕಬ್ಬಿಣದ್ದೇ ಅಲ್ಲವಾ ಎಂದು ಅರ್ತ್ ವೈರು ಬಿಟ್ಟುಬಿಡುತ್ತೀರಿ. ಆ ಕೊಂಡಿಯನ್ನೊಮ್ಮೆ ಬಗ್ಗಿ ನೋಡಿ: ತುಕ್ಕು, ಗ್ರೀಸು, ಮಣ್ಣು. ಕರೆಂಟು ಅದರಲ್ಲಿ ಹೇಗೆ ವಾಪಸ್ ಬಂದೀತು? ಬ್ರೇಕ್ ತುಳಿದರೆ ಇಂಡಿಕೇಟರ್ ಮಂಕಾಗಿ ಉರಿಯುತ್ತದೆ. ನೀವು ನಿಲ್ಲುತ್ತೀರೋ ತಿರುಗುತ್ತೀರೋ ಹಿಂದಿನವನಿಗೆ ತಿಳಿಯದು.

ಏಳು ಪಿನ್ನಿನ ಸಾಕೆಟ್ ಹಾಕಿಸಿ, ಅರ್ತಿಗೆ ಉಳಿದವಕ್ಕಿಂತ ದಪ್ಪ ವೈರು ಕೊಡಿ. 12 ವೋಲ್ಟಿನಲ್ಲಿ 21 ವ್ಯಾಟಿನ ಒಂದೊಂದು ಬಲ್ಬೂ 1.75 ಆಂಪಿಯರ್ ಎಳೆಯುತ್ತದೆ. ಎಲ್ಲ ಬಲ್ಬುಗಳ ಕರೆಂಟೂ ಆ ಒಂದೇ ಅರ್ತ್ ವೈರಿನಲ್ಲಿ ಹಿಂದಿರುಗಬೇಕು. ಫ್ಯೂಸು ಹೋದರೆ ತಂತಿ ಚೂರು ಸಿಕ್ಕಿಸುವ ಜಾಣತನವಂತೂ ಬೇಡವೇ ಬೇಡ. ಹೊರಡುವ ಮುನ್ನ ಒಬ್ಬರನ್ನು ಹಿಂದೆ ನಿಲ್ಲಿಸಿ, ಬ್ರೇಕು, ಇಂಡಿಕೇಟರು ಎರಡನ್ನೂ ಒಟ್ಟಿಗೇ ಹಾಕಿ ನೋಡಿ.